ಕಲಬುರಗಿ ಬಿಸಿಲಿನಲ್ಲಿ ಗಡಿಗೆಯೊಳಗಿನ ಇನ್ಸುಲಿನ್

ಇನ್ಸುಲಿನ್ ಬಾಟಲಿಯನ್ನು ಗಡಿಗೆಯಲ್ಲಿ ಇಡುತ್ತೇನೆಂದರೆ ನಕ್ಕವರೇ ಹೆಚ್ಚು. ಈಗ ಲೆಕ್ಕ ನೋಡಲಿ: ಹೊರಗೆ 42 ಡಿಗ್ರಿ ಇದ್ದ ಮಧ್ಯಾಹ್ನ ಗಡಿಗೆಯೊಳಗೆ 26-27. ಕರೆಂಟ್ ಹೋದರೂ ಅಷ್ಟೇ. ಬಳಕೆಯಲ್ಲಿರುವ ಬಾಟಲಿಗೆ ಇಷ್ಟು ಸಾಕು. ಫ್ರಿಜ್‌ನಿಂದ ತೆಗೆದು ಚುಚ್ಚಿದಾಗಿನ ಉರಿಯೂ ಇಲ್ಲ. ಸೀಲ್ ಒಡೆಯದವು ಮಾತ್ರ ಫ್ರಿಜ್‌ನಲ್ಲೇ, 2ರಿಂದ 8 ಡಿಗ್ರಿಯಲ್ಲಿ.

ದೊಡ್ಡ ಮಣ್ಣಿನ ಹರವಿಯೊಳಗೆ ಸಣ್ಣ ಗಡಿಗೆ, ನಡುವೆ ಎರಡು ಬೆರಳು ಉಸುಕು, ತಳದಲ್ಲೂ ಅಷ್ಟೇ. ಉಸುಕು ತೊಯ್ಯುವಷ್ಟು ನೀರು ದಿನಕ್ಕೆ 2 ಸಲ, ಮೇ ತಿಂಗಳಲ್ಲಿ 3. ಬಾಯಿಗೆ ಹಸಿ ಗೋಣಿತಟ್ಟು. ಎಲ್ಲ ಸೇರಿ 400 ರೂಪಾಯಿ ಆಗಿರಬೇಕು, ತಂತಿಯ ಥರ್ಮಾಮೀಟರ್‌ಗೆ ಇನ್ನೊಂದು 250.

ಮೊದಲು ತಂದದ್ದು ಬಣ್ಣ ಬಳಿದ ಹರವಿ. ನೀರು ಬೆವರಲೇ ಇಲ್ಲ, 34ರಿಂದ ಕೆಳಗಿಳಿಯಲಿಲ್ಲ. ಎರಡನೆಯದನ್ನು ಕಪಾಟಿನಲ್ಲಿಟ್ಟೆ, ಗಾಳಿಯಾಡದೆ ಅದೂ ಕೆಲಸ ಮಾಡಲಿಲ್ಲ. ಈಗ ಕಿಟಕಿ ಪಕ್ಕದ ನೆರಳಲ್ಲಿ, ಸ್ಟೂಲಿನ ಮೇಲೆ. ತೇವಕ್ಕೆ ಲೇಬಲ್ ಕಿತ್ತು, ಸೀಲ್ ಒಡೆದ ತಾರೀಖೇ ಅಳಿಸಿಹೋದ ಬಾಟಲಿಯನ್ನು ಚೆಲ್ಲಿದೆ, ಸುಮಾರು 150 ರೂಪಾಯಿ ನಷ್ಟ. ಅಲ್ಲಿಂದೀಚೆಗೆ ಮುಚ್ಚಳದ ಡಬ್ಬಿಯಲ್ಲಿಟ್ಟೇ ಒಳಗಿಡುವುದು. ಸವಳು ನೀರಾದರೆ ಎರಡು ತಿಂಗಳಲ್ಲಿ ಹರವಿಯ ಹೊರಮೈಗೆ ಬಿಳಿ ಪೊರೆ ಕಟ್ಟಿ ತಂಪು ಕಡಿಮೆಯಾಗುತ್ತದೆ. ಅದನ್ನು ಬಿಡಿಸುವ ಉಪಾಯ ನಮ್ಮ ಕುಂಬಾರರದ್ದು, ಅವರ ಒಪ್ಪಿಗೆಯಿಲ್ಲದೆ ಬರೆಯಲಾರೆ.

ನಡುವೆ ಥರ್ಮಾಸ್ ಕೂಡ ನೋಡಿದೆ. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್‌ಗೆ ಬಾಟಲಿ ತಾಗಿ ಹೆಪ್ಪುಗಟ್ಟಿತು. ಕರಗಿದ ಮೇಲೆ ಚೆನ್ನಾಗಿಯೇ ಕಂಡರೂ ಅದು ಕೆಟ್ಟಂತೆಯೇ, ಚೆಲ್ಲಿದೆ. ಮಂಗಳೂರಿನಲ್ಲಿ ಇದೇ ಗಡಿಗೆ 3 ಡಿಗ್ರಿಯಷ್ಟೂ ಇಳಿಸಲಿಲ್ಲ. ಗಾಳಿಯೇ ನೀರು ಕುಡಿದು ಕೂತಿದ್ದರೆ ಉಸುಕಿನ ನೀರು ಆರುವುದೆಲ್ಲಿ? ಕರಾವಳಿಯವರು ಈ ಖರ್ಚಿಗೆ ಹೋಗಬೇಡಿ.

ಮಿಕ್ಸ್ ಇನ್ಸುಲಿನ್ (ಬೇಗ ಕೆಲಸ ಮಾಡುವುದೂ ನಿಧಾನದ್ದೂ ಬೆರೆತ, ಹಾಲಿನಂತೆ ಕಾಣುವಂಥದ್ದು) ಅಂಗೈಯಲ್ಲಿ ಹೊರಳಿಸಿದ ಮೇಲೂ ಗಂಟು ಉಳಿದರೆ, ಗಾಜಿಗೆ ಹಿಟ್ಟಿನಂತೆ ಅಂಟಿದ್ದರೆ ಕೆಟ್ಟಿದೆಯೆಂದೇ ಲೆಕ್ಕ. ಆದರೆ ಬಿಸಿಲಿಗೆ ಸತ್ವ ಕಳೆದುಕೊಂಡದ್ದು ಕಣ್ಣಿಗೆ ಕಾಣದೆಯೂ ಇರಬಹುದು. ಊಟ ಅದೇ, ಡೋಸ್ ಅದೇ, ಜ್ವರ-ಗಿರ ಏನೂ ಇಲ್ಲ, ಆದರೂ ಶುಗರ್ ಏರುತ್ತಿದೆಯೆಂದರೆ ನಾನು ಮೊದಲು ಬದಲಿಸುವುದು ಬಾಟಲಿಯನ್ನು. ಸತ್ವವಿಲ್ಲದ ಬಾಟಲಿಯನ್ನು ನಂಬಿ 20 ಯೂನಿಟ್‌ಅನ್ನು 28 ಮಾಡಿಕೊಂಡವರು ಹೊಸ ಬಾಟಲಿಯಿಂದಲೂ 28 ಎಳೆದರೆ, ನಡುರಾತ್ರಿ ಶುಗರ್ 50ಕ್ಕೆ ಕುಸಿಯಬಹುದು. ಹೊಸ ಬಾಟಲಿಯಲ್ಲೂ ಇಳಿಯದಿದ್ದರೆ ಡಾಕ್ಟರಿಗೆ ಫೋನ್.

ಸೀಲ್ ಒಡೆದು 28 ದಿನ ಆದದ್ದು, ಅರ್ಧ ಉಳಿದಿದ್ದರೂ, ನನ್ನ ಗಡಿಗೆಯಲ್ಲಿ ಇರುವುದಿಲ್ಲ. ಥರ್ಮಾಮೀಟರ್ 30 ತೋರಿಸಿದ ದಿನ ಡಬ್ಬಿ ನೇರ ಫ್ರಿಜ್‌ಗೆ.