ಮೈಗ್ರೇಶನ್ ಅರ್ಧಕ್ಕೇ ನಿಂತ್ರೆ ಮತ್ತೆ ರನ್ ಮಾಡ್ಬೇಡಿ

ಡೇಟಾಬೇಸ್ ಮೈಗ್ರೇಶನ್ (ಟೇಬಲ್‌ಗಳ ರಚನೆ ಬದಲಿಸೋ ಸ್ಕ್ರಿಪ್ಟ್) ಫೇಲ್ ಆದ ತಕ್ಷಣ ತುಂಬಾ ಜನ ಮಾಡೋದೇನಂದ್ರೆ ಅದನ್ನೇ ಇನ್ನೊಂದ್ಸಲ ಓಡಿಸೋದು. ದಯವಿಟ್ಟು ಬೇಡ. ಎರಡನೇ ಸಲ ಬರೋ ಎರರ್ರೇ ಬೇರೆ ಇರುತ್ತೆ, ಅದರ ಹಿಂದೆ ಬಿದ್ದು ಇಡೀ ರಾತ್ರಿ ಕಳೆದವ್ರನ್ನ ನಾನು ನೋಡಿದ್ದೀನಿ.

ಮೊದಲು ಡಿಪ್ಲಾಯ್ (ಹೊಸ ಕೋಡ್ ಸರ್ವರ್‌ಗೆ ಹಾಕೋದು) ನಿಲ್ಸಿ, ಮೊದಲನೇ ಎರರ್ ಪೂರ್ತಿ ಕಾಪಿ ಮಾಡಿಟ್ಕೊಳ್ಳಿ, ಬ್ಯಾಕಪ್ ತಗೊಳ್ಳಿ.

ಆಮೇಲೆ ಎಷ್ಟು ಓಡಿದೆ, ಎಲ್ಲಿ ನಿಂತಿದೆ ಅಂತ ನೋಡ್ಬೇಕು, ಎಲ್ಲರೂ ಎಡವೋದು ಇಲ್ಲೇ. ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದ್ರೆ ಸಾಮಾನ್ಯವಾಗಿ ಇಡೀ ಮೈಗ್ರೇಶನ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದ್ರೆ ಎಲ್ಲಾ ಆಗ್ಬೇಕು, ಇಲ್ಲಾಂದ್ರೆ ಏನೂ ಆಗ್ಬಾರ್ದು ಅನ್ನೋ ಕಟ್ಟು) ಓಡುತ್ತೆ, ಫೇಲ್ ಆದ್ರೆ ಪೂರ್ತಿ ವಾಪಸ್ ಹೋಗುತ್ತೆ. ಮೈಎಸ್‌ಕ್ಯುಎಲ್ ಹಾಗಲ್ಲ, ಪ್ರತಿ ಆಲ್ಟರ್ ಟೇಬಲ್ (ಟೇಬಲ್ ಬದಲಿಸೋ ಕಮಾಂಡ್) ತಾನಾಗೇ ಕಮಿಟ್, ಅಂದ್ರೆ ಖಾಯಂ, ಆಗ್ಬಿಡುತ್ತೆ. ಅದರ 8.0 ಆವೃತ್ತಿ ಬಂದ್ಮೇಲೂ ಒಂದೊಂದು ಸ್ಟೇಟ್‌ಮೆಂಟ್ ಮಟ್ಟಿಗೆ ಮಾತ್ರ ಗ್ಯಾರಂಟಿ, ಇಡೀ ಫೈಲಿಗಲ್ಲ. ಉದಾಹರಣೆಗೆ ಒಂದು ಫೈಲಲ್ಲಿ ಗ್ರಾಹಕರ ಟೇಬಲ್‌ಗೆ ಜಿಎಸ್‌ಟಿ ನಂಬರ್ ಕಾಲಂ ಸೇರಿಸಿ, ಆಮೇಲೆ ಫೋನ್ ನಂಬರ್ ಮೇಲೆ ಯೂನಿಕ್ ಇಂಡೆಕ್ಸ್ (ಒಂದೇ ನಂಬರ್ ಎರಡು ಸಲ ಬರದ ಹಾಗೆ ತಡೆಯೋದು) ಹಾಕಿದ್ದೀರ ಅನ್ಕೊಳ್ಳಿ. ಇಂಡೆಕ್ಸ್ 1062 ಡೂಪ್ಲಿಕೇಟ್ ಎಂಟ್ರಿ ಅಂತ ಬಿತ್ತು, ಕಾಲಂ ಮಾತ್ರ ಆಗ್ಲೇ ಬಂದು ಕೂತಿದೆ. ಮತ್ತೆ ಓಡಿಸಿದ್ರೆ 1060 ಡೂಪ್ಲಿಕೇಟ್ ಕಾಲಂ ನೇಮ್ ಅನ್ನುತ್ತೆ, ಎಲ್ಲರೂ ಕಾಲಂ ಹಿಂದೆ ಓಡ್ತಾರೆ, ನಿಜವಾದ ತಪ್ಪು ಇರೋದು ಫೋನ್ ನಂಬರಲ್ಲಿ. ಅದಕ್ಕೇ ಟೇಬಲ್‌ನ ಈಗಿನ ರಚನೆ ತೋರಿಸೋ ಶೋ ಕ್ರಿಯೇಟ್ ಟೇಬಲ್ ಕಮಾಂಡ್ ಹೊಡೆದು, ಫೈಲ್ ಪಕ್ಕದಲ್ಲಿಟ್ಕೊಂಡು ಒಂದೊಂದೇ ಸಾಲು ತಾಳೆ ಹಾಕಿ. ಡೂಪ್ಲಿಕೇಟ್‌ಗಳನ್ನ ಗ್ರೂಪ್ ಬೈ ಹಾಕಿ ಹುಡುಕಿ, ಎಷ್ಟೋ ಸಲ ಅದರಲ್ಲಿ ಸಿಗೋದು ಖಾಲಿ ಸ್ಟ್ರಿಂಗ್. ನಲ್ (ಏನೂ ತುಂಬಿಲ್ಲ ಅನ್ನೋ ಗುರುತು) ಎಷ್ಟಿದ್ರೂ ಯೂನಿಕ್ ಇಂಡೆಕ್ಸ್ ಸುಮ್ನಿರುತ್ತೆ, ಖಾಲಿ ಸ್ಟ್ರಿಂಗ್ ಎರಡಿದ್ರೂ ಬಿಡಲ್ಲ. ಆ ಕಾಲಂ ನಲ್ ಒಪ್ಪೋದಾದ್ರೆ ಖಾಲಿ ಇರೋದನ್ನ ನಲ್ ಮಾಡಿ. ನಿಜವಾಗ್ಲೂ ಒಂದೇ ನಂಬರ್ ಇಬ್ಬರಿಗಿದ್ರೆ ನೀವೇ ಡಿಲೀಟ್ ಮಾಡೋಕೆ ಹೋಗ್ಬೇಡಿ, ಆ ಡೇಟಾ ಯಾರದ್ದೋ ಅವರನ್ನ ಕೇಳಿ.

ಸೇರಿಕೊಂಡಿರೋ ಕಾಲಂ ಇನ್ನೂ ಖಾಲಿ ಇದೆ ಅಂತ ನೋಡ್ಕೊಂಡು ಕೈಯಾರೆ ಡ್ರಾಪ್ ಮಾಡಿ, ಆಮೇಲೆ ಮೈಗ್ರೇಶನ್ ಓಡಿಸೋಕೆ ಫ್ಲೈವೇ ಟೂಲ್ ಬಳಸ್ತಿದ್ರೆ ಅದರ ರಿಪೇರ್ ಕಮಾಂಡ್, ಆಮೇಲೆ ಮೈಗ್ರೇಟ್. ರಿಪೇರ್ ಅಂತ ಹೆಸರಿದೆ ಅಂತ ಅದು ಟೇಬಲ್ ಸರಿ ಮಾಡಲ್ಲ, ಯಾವ ಮೈಗ್ರೇಶನ್ ಓಡಿದೆ ಅಂತ ಬರೆದಿಡೋ ಹಿಸ್ಟರಿ ಟೇಬಲ್ ಮಾತ್ರ ಸರಿ ಮಾಡುತ್ತೆ, ಅದರಲ್ಲಿ ಫೇಲ್ ಆಗಿರೋ ಸಾಲನ್ನ ತೆಗೆಯುತ್ತೆ. ಪೈಥಾನ್ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದವ್ರು ಬಳಸೋ ಫೇಕ್ ಆಪ್ಷನ್ನೂ ಹಾಗೇ, ಓಡಿದೆ ಅಂತ ಬರ್ಕೊಳ್ಳುತ್ತೆ, ಓಡಿಸಲ್ಲ. ಟೇಬಲ್ ಕಣ್ಣಾರೆ ನೋಡದೆ ಅದನ್ನ ಮುಟ್ಟಲೇಬೇಡಿ.

ಎರರ್ರೇ ಇಲ್ದೆ ಸುಮ್ನೆ ನಿಂತಿದ್ರೆ ಲಾಕ್ ಇರ್ಬಹುದು, ಅಂದ್ರೆ ಬೇರೆ ಯಾರೋ ಆ ಟೇಬಲ್ ಹಿಡಿದಿಟ್ಟಿರ್ಬಹುದು. ಮೈಎಸ್‌ಕ್ಯುಎಲ್ ಆದ್ರೆ ಪ್ರೋಸೆಸ್‌ಲಿಸ್ಟ್ (ಈಗಿನ ಕನೆಕ್ಷನ್‌ಗಳು ಏನು ಮಾಡ್ತಿವೆ ಅನ್ನೋ ಪಟ್ಟಿ) ನೋಡಿ, ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್ ಅಂತಿದ್ರೆ ಯಾರೋ ಟ್ರಾನ್ಸಾಕ್ಷನ್ ಓಪನ್ ಇಟ್ಟು ಊಟಕ್ಕೆ ಹೋಗಿರ್ತಾರೆ. ಆ ಆಲ್ಟರ್ ಕಾಯ್ತಿರೋವಾಗ ಅದರ ಹಿಂದೆ ಬರೋ ಸೆಲೆಕ್ಟ್‌ಗಳೂ ಕಾಯ್ತವೆ, ಆಪ್ ಪೂರ್ತಿ ಕೂತ್ಬಿಡುತ್ತೆ. ಮೈಎಸ್‌ಕ್ಯುಎಲ್‌ನಲ್ಲಿ ಈ ಕಾಯೋ ಡಿಫಾಲ್ಟ್ ಮಿತಿ 31536000 ಸೆಕೆಂಡ್, ಅಂದ್ರೆ ಒಂದು ವರ್ಷ! ಮೈಗ್ರೇಶನ್ ಸೆಷನ್‌ನಲ್ಲಿ ಲಾಕ್ ವೇಟ್ ಟೈಮ್‌ಔಟ್ 5 ಸೆಕೆಂಡಿಗೆ ಇಳಿಸಿ, ಸಿಗ್ಲಿಲ್ಲ ಅಂದ್ರೆ ಫೇಲ್ ಆಗ್ಲಿ, ಐದು ನಿಮಿಷ ಬಿಟ್ಟು ನೋಡೋಣ.

ಪೋಸ್ಟ್‌ಗ್ರೆಸ್‌ನವ್ರಿಗೆ ಒಂದೇ ಮಾತು, ಕನ್‌ಕರೆಂಟ್ಲಿ (ಟೇಬಲ್‌ಗೆ ಬರೆಯೋದನ್ನ ನಿಲ್ಸದೆ) ಅಂತ ಇಂಡೆಕ್ಸ್ ಕಟ್ಟೋದು ಟ್ರಾನ್ಸಾಕ್ಷನ್ ಹೊರಗೇ ಓಡೋದು, ಮಧ್ಯದಲ್ಲಿ ಬಿದ್ರೆ ಇನ್‌ವ್ಯಾಲಿಡ್ ಇಂಡೆಕ್ಸ್ ಒಂದು ಉಳ್ಕೊಳ್ಳುತ್ತೆ, ಡ್ರಾಪ್ ಮಾಡಿ ಹೊಸದಾಗಿ ಕಟ್ಟಿ.

ಎಲ್ಲಾ ಓಡಿದ್ಮೇಲೆ ಸ್ಟೇಜಿಂಗ್‌ನ (ಪರೀಕ್ಷೆಗೆ ಇಟ್ಟಿರೋ ಸರ್ವರ್) ಟೇಬಲ್ಲನ್ನೂ ಪ್ರೊಡಕ್ಷನ್‌ದನ್ನೂ (ಜನ ಬಳಸೋದು) ಡಿಫ್ ಹಾಕಿ ನೋಡಿ, ಒಂದೇ ಥರ ಇದ್ರೆ ಮಾತ್ರ ಡಿಪ್ಲಾಯ್ ಮುಂದುವರಿಸಿ.