ಕೋತಿ ಚಿತ್ರ ಬಿಟ್ಟು ತೊಗರಿ ಕೀಡಿ ಹಿಡಿದೆ

ಸಭೆಯ ಯೌವನಸ್ಥರ ಕೂಟದಲ್ಲಿ ವಿಕಾಸವಾದ ಹೇಳಿದ್ರೆ ಜನ ಸಭೆಯನ್ನೇ ಬಿಡ್ತಾರೆ ಅಂತ ಎಷ್ಟೋ ಮಂದಿ ನನಗೆ ಬುದ್ಧಿ ಹೇಳಿದ್ದರು. ಆಳಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಯಾರೂ ಸಭೆ ಬಿಡದೆ ಕೊನೆಗೂ ಆ ಪಾಠ ನಡೀತು. ನೀವೂ ಸಂಡೇ ಸ್ಕೂಲ್ ನಡೆಸೋರು, ಅದಕ್ಕೇ ಬರೀತಿದ್ದೇನೆ.

ಮೊದಲ ಎರಡು ಸಲ ಪೂರ್ತಿ ಕೆಟ್ಟಿತು. ಕಲಬುರಗಿಯಿಂದ ಪ್ರೊಜೆಕ್ಟರ್ ಬಾಡಿಗೆಗೆ ತಂದೆ. ಕೋತಿ ಎದ್ದು ನಿಂತು ಮನುಷ್ಯನಾಗುವ ಫ್ಲೆಕ್ಸ್ ಮಾಡಿಸಿದೆ. ಕೈಯಿಂದ ನಾಲ್ಕು ಸಾವಿರದ ಹತ್ತಿರ ಹೋಯ್ತು. ಫ್ಲೆಕ್ಸ್ ಬಿಚ್ಚಿದ ಕೂಡಲೇ ಮುಂದೆ ಕೂತಿದ್ದ ಹಿರಿಯರೊಬ್ಬರು ಬೈಬಲ್ ಮಡಚಿ ಎದ್ದು ಹೋದರು. ಆ ಚಿತ್ರವೇ ತಪ್ಪು ಅಲ್ವಾ? ಇವತ್ತಿನ ಕೋತಿಗೂ ನಮಗೂ ಬಹಳ ಹಿಂದೆ ಒಂದೇ ಪೂರ್ವಜ ಇತ್ತು ಅನ್ನೋದಷ್ಟೇ ವಿಜ್ಞಾನ ಹೇಳೋದು.

ಮೂರನೇ ಸಲ ಬರಿಗೈಯಲ್ಲಿ ಹೋದೆ. ತೊಗರಿ ಕಾಯಿ ಕೊರೆಯೋ ಹುಳಕ್ಕೆ ನಮ್ಮ ಕಡೆ ಕೀಡಿ ಅಂತಾರೆ, ಹೊಡೆಯೋ ಔಷಧಿಗೆ ಎಣ್ಣಿ ಅಂತಾರೆ. ಅದೇ ಹಿರಿಯರನ್ನು ಕೇಳಿದೆ: "ಕಾಕಾ, ತೊಗರಿ ಕೀಡಿಗೆ ಎಣ್ಣಿ ಯಾಕ ನಡೆಯಂಗಿಲ್ಲ?"

"ಮೊದಲ ಒಂದ್ ಸಲ ಹೊಡದ್ರ ಸಾಯ್ತಿದ್ವು. ಈಗ ಉಳದದ್ದು ಗಟ್ಟಿ ಕೀಡಿ. ಅದರ ಮರೀನೂ ಗಟ್ಟಿ."

ತಾಳಿಕೊಂಡದ್ದು ಉಳಿದು, ಅದರ ಗುಣ ಮರಿಗಳಿಗೆ ಹೋಗಿ, ತಲೆಮಾರಿನಿಂದ ತಲೆಮಾರಿಗೆ ಜೀವಿ ಬದಲಾಗೋದೇ ವಿಕಾಸ. ಇಡೀ ಪಾಠ ಅವರ ಬಾಯಿಂದಲೇ ಬಂತು! ಇದೇ ಕೀಡಿ 1987ರಲ್ಲೇ ಆಂಧ್ರದ ಹತ್ತಿ ಹೊಲದಲ್ಲಿ ಔಷಧಿಗೆ ಬಗ್ಗದೆ ನಿಂತಿತ್ತು. ಆಮೇಲೆ ಆದಿಕಾಂಡ 1:24 ಓದಿಸಿದೆ. ಅಲ್ಲಿ ದೇವರು ಜೀವಿಗಳು ಭೂಮಿಯಿಂದ ಉಂಟಾಗಲಿ ಅಂತ ಅಪ್ಪಣೆ ಕೊಡುತ್ತಾನೆ. ಆ ಅಪ್ಪಣೆ ನಿಧಾನಕ್ಕೆ ನಡೆದರೆ ಆತನ ಮಹಿಮೆ ಕಮ್ಮಿಯಾಗಲ್ಲ. ಆರು ದಿನದ ಮಾತು ಬಂದಾಗ ಸೂರ್ಯ ಬಂದದ್ದು ನಾಲ್ಕನೇ ದಿನ ಅಂತ ತೋರಿಸಿದೆ; ಹಾಗಾದ್ರೆ ಮೊದಲ ಮೂರು ದಿನ ನಮ್ಮ ಗಡಿಯಾರದ ದಿನವೇ ಆಗಿರಬೇಕಾ ಅಂತ ಕೇಳಿದೆ. ಭೂಮಿ ಎಷ್ಟು ಹಳೇದು ಅನ್ನೋಕೆ ಕಾಲ ಕೆಳಗಿನ ಮಣ್ಣೇ ಸಾಕು: ನಮ್ಮ ಎರೆಮಣ್ಣೇ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಕಲ್ಲು ಸವೆದು ಆದದ್ದು.

ನಡುವೆ ಹುಡುಗರಿಗೆ ಕೀಡಿ ತೋರಿಸೋಣ ಅಂತ ಇನ್ನೊಂದು ಪ್ರಯೋಗ ಮಾಡಿದೆ. ಇಪ್ಪತ್ತು ಕೀಡಿ ಹಿಡಿದು ಒಂದೇ ಬಾಟಲಿಗೆ ಹಾಕಿಟ್ಟೆ. ಬೆಳಿಗ್ಗೆ ಏಳೋ ಎಂಟೋ ಉಳಿದಿದ್ದವು, ಒಂದನ್ನೊಂದು ತಿಂದುಬಿಟ್ಟಿದ್ದವು. ನೀವು ಮಾಡೋದಾದ್ರೆ ಒಂದೊಂದಕ್ಕೂ ಬೇರೆ ಡಬ್ಬಿ ಇಡಿ.

"ಕೀಡಿ ಕೀಡಿಯಾಗೇ ಉಳೀತಲ್ಲ ಸರ್?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಮುಂದಿನ ವಾರ ತುದಿಗೆ ಕೆಂಪು ಬಣ್ಣ ಹಚ್ಚಿದ ಎರಡು ಹಗ್ಗ ತಂದೆ. ಗಂಟು ಹಾಕಿದರೆ ಕೆಂಪು ನಡುವೆ ಬರುತ್ತೆ. ಕ್ರೋಮೊಸೋಮ್ ಅಂದ್ರೆ ಜೀವಕೋಶದೊಳಗೆ ವಂಶದ ಗುಣ ಹೊತ್ತ ಎಳೆ. ಚಿಂಪಾಂಜಿಗೆ 48 ಕ್ರೋಮೊಸೋಮ್, ನಮಗೆ 46. ನಮ್ಮ ಎರಡನೇ ಕ್ರೋಮೊಸೋಮಿನ ನಡುವೆ, ತುದಿಯಲ್ಲಿ ಇರಬೇಕಾದ ಗುರುತೇ ಸಿಕ್ಕಿದೆ; ಹಗ್ಗದ ಹಾಗೆ ನಮ್ಮ ಪೂರ್ವಜರ ಎರಡು ಕ್ರೋಮೊಸೋಮ್ ತುದಿಗೆ ತುದಿ ಕೂಡಿ ಒಂದಾಗಿವೆ. ಮನುಷ್ಯನ ಜೀನೋಮ್, ಅಂದ್ರೆ ಇಡೀ ವಂಶವಾಹಿ ಬರಹ, ಓದಿದ ಯೋಜನೆಯನ್ನು ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಕ್ರಿಸ್ತನ ವಿಶ್ವಾಸಿ ಅಂದಾಗ ಹುಡುಗರ ಮುಖ ನೋಡಬೇಕಿತ್ತು. ಹಗ್ಗಕ್ಕೆ ಖರ್ಚಾದದ್ದು ಮೂವತ್ತೋ ನಲವತ್ತೋ ರೂಪಾಯಿ.

ಹಾಗಾದ್ರೆ ಆದಾಮ ಯಾರು ಅನ್ನೋ ಪ್ರಶ್ನೆಗೆ ಇನ್ನೂ ಎರಡು ವಾರ ಹಿಡಿಯಿತು. ಅದಕ್ಕೆ ನಾನು ಮೊದಲು ಓದಿಸುವ ವಚನ ಯಾವುದು ಅಂತ ಇಲ್ಲಿ ಬರೆಯಲ್ಲ, ಭೇಟಿಯಾದಾಗ ಹೇಳ್ತೇನೆ. ಹತ್ತು ಹನ್ನೆರಡು ಇದ್ದ ಹುಡುಗರು ಈಗ ಮೂವತ್ತರ ಹತ್ತಿರ ಬರ್ತಾರೆ. ಹೊಸಬರಿಗೆ ಕೀಡಿ ಪಾಠ ಹೇಳೋದು ಕಾಕಾನೇ.