ಅಂತರ ಇಂಜೆಕ್ಷನ್ ಬಿಡಬೇಕು ಅನ್ನಿಸಿದರೆ ಹೀಗೆ ಮಾಡಿ

ಬಸಿರು ತಡೆಯಲು 3 ತಿಂಗಳಿಗೊಮ್ಮೆ ಹಾಕುವ ಅಂತರ ಇಂಜೆಕ್ಷನ್ ಬಿಡುವವರು ಹೇಳಿ ಬಿಡುವುದು ಕಡಿಮೆ. ಮುಂದಿನ ತಾರೀಖಿಗೆ ಸುಮ್ನೆ ಹೋಗುವುದಿಲ್ಲ, ಅಷ್ಟೇ. ಬೇರೆ ಉಪಾಯ ಶುರು ಮಾಡುವ ಮೊದಲಿನ ಈ ನಡುವಿನ ಹೊತ್ತಿನಲ್ಲಿ ಬೇಡದ ಬಸಿರು ನಿಲ್ಲಬಹುದು. ಬಿಡುವುದು ನಿಮ್ಮ ಹಕ್ಕು, ಆದರೆ ಬಿಡುವುದಕ್ಕೂ ಒಂದು ಕ್ರಮ ಇದೆ.

ಮೊದಲು ಏನಾಗ್ತಿದೆ ಅಂತ ಗುರುತು ಹಾಕಿ. ಗೋಡೆಯ ಕ್ಯಾಲೆಂಡರ್ ಸಾಕು. ಈ ಇಂಜೆಕ್ಷನ್‌ನಲ್ಲಿರುವ ಡಿಎಂಪಿಎ ಹಾರ್ಮೋನು ಶುರುವಿನ ತಿಂಗಳುಗಳಲ್ಲಿ ಮುಟ್ಟಿನ ಲೆಕ್ಕ ತಪ್ಪಿಸುತ್ತದೆ. ಕೆಲವರಿಗೆ ದಿನಗಟ್ಟಲೆ ಚೂರುಚೂರು ರಕ್ತ ಕಾಣುತ್ತದೆ. ಇದು ಸಣ್ಣ ವಿಷಯ ಅಂತ ಹೇಳಿ ಕಳಿಸುವುದು ನನಗಂತೂ ಸರಿ ಕಾಣುವುದಿಲ್ಲ. ಮುಟ್ಟಾದವರು ಹೊರಗೆ ಕೂರುವ ಮನೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ಅಂಥ ಕಡೆ ಎರಡು ವಾರ ಹೀಗೇ ನಡೆದರೆ ಅಡುಗೆ ಯಾರು ಮಾಡಬೇಕು, ಅತ್ತೆಗೆ ಏನು ಹೇಳಬೇಕು? ಪಿಎಚ್‌ಸಿಯಲ್ಲಿ ಇದನ್ನೂ ಹೇಳಿ. ರಕ್ತಸ್ರಾವ ತಗ್ಗಿಸಲು ಡಾಕ್ಟರು ಕೆಲವು ದಿನದ ಮಾತ್ರೆ ಕೊಡಬಹುದು. ಸುಸ್ತು ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಮುಟ್ಟೇ ನಿಂತಿದ್ದರೆ? ಒಂದು ವರ್ಷ ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೀಗಾಗುತ್ತದೆ. ಕೆಟ್ಟ ರಕ್ತ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ ಅನ್ನುವುದು ಸುಳ್ಳು. ಗರ್ಭಕೋಶದ ಒಳಪದರ ತೆಳುವಾಗಿರುತ್ತದೆ, ಹೊರಬರಲು ಏನೂ ಇರುವುದಿಲ್ಲ. ತೂಕ ಸ್ವಲ್ಪ ಏರಬಹುದು, ತಲೆನೋವು, ಬೇಸರ ಬರಬಹುದು. ಆದರೆ ಪ್ಯಾಡ್ ಗಂಟೆಗೊಂದು ತೊಯ್ದರೆ, ಕಣ್ಣು ಮಂಜಾಗುವಂಥ ತಲೆನೋವು ಬಂದರೆ, ಕಣ್ಣು ಹಳದಿಯಾದರೆ ತಾರೀಖು ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಬಿಡಲು ಕಾರಣ ಅಡ್ಡಪರಿಣಾಮವೋ, ದಾರಿಯೋ ಅಂತಲೂ ನೋಡಿಕೊಳ್ಳಿ. ಹೊಸನಗರ, ಆಗುಂಬೆ ಕಡೆಯ ಜುಲೈ ಮಳೆಯಲ್ಲಿ ಬಸ್ ಹಿಡಿಯುವುದೇ ಕಷ್ಟ. ಅಡಿಕೆ ಕೊಯ್ಲಿನಲ್ಲಿ ಸುಲಿಯುವ ಕೆಲಸ ಬಿಟ್ಟು ಏಳಲು ಆಗುವುದಿಲ್ಲ. 3 ತಿಂಗಳ ತಾರೀಖಿಗೆ 2 ವಾರ ಮುಂಚೆಯೂ ಇಂಜೆಕ್ಷನ್ ಹಾಕಿಸಿಕೊಳ್ಳಬಹುದು, 4 ವಾರ ತಡವಾದರೂ ನಡೆಯುತ್ತದೆ. ಮಳೆ ಹಿಡಿಯುವ ಮೊದಲೇ ಹೋಗಿ ಬನ್ನಿ. ಅದಕ್ಕಿಂತ ತಡವಾದರೆ ಬಸಿರಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಹಾಕುತ್ತಾರೆ.

ಬಿಡುವುದೇ ಸರಿ ಅನ್ನಿಸಿತಾ? ಒಮ್ಮೆ ಒಳಗೆ ಹೋದ ಮದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ, ಹಾಗಾಗಿ ತೊಂದರೆ ಇನ್ನೂ ಕೆಲವು ತಿಂಗಳು ಎಳೆಯಬಹುದು. ಮುಂದಿನ ಇಂಜೆಕ್ಷನ್ ತಾರೀಖಿನೊಳಗೆ ಬೇರೆ ಉಪಾಯ ಶುರುವಾಗಿರಬೇಕು. ಛಾಯಾ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ. ಮೊದಲ 3 ತಿಂಗಳು ವಾರಕ್ಕೆ 2, ಆಮೇಲೆ ವಾರಕ್ಕೆ 1. ವಂಕಿಯಲ್ಲೂ (ಕಾಪರ್-ಟಿ) ಹಾರ್ಮೋನ್ ಇಲ್ಲ, ಆದರೆ ಅದರಿಂದ ರಕ್ತಸ್ರಾವ ಜಾಸ್ತಿಯಾಗಬಹುದು. ರಕ್ತಸ್ರಾವಕ್ಕೇ ಇಂಜೆಕ್ಷನ್ ಬಿಡುತ್ತಿರುವವರು ಡಾಕ್ಟರನ್ನು ಕೇಳಿಯೇ ಹಾಕಿಸಿಕೊಳ್ಳಿ. ಗಂಡ ಒಪ್ಪಿದರೆ ನಿರೋಧ್ ಇದ್ದೇ ಇದೆ. ಒಪ್ಪಬೇಕಷ್ಟೇ!

ಮಗು ಬೇಕು ಅಂತ ಬಿಡುವವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ. ಕೊನೆಯ ಇಂಜೆಕ್ಷನ್‌ನಿಂದ ಸರಾಸರಿ 7ರಿಂದ 10 ತಿಂಗಳು ಬೇಕಾಗುತ್ತದೆ. ಇದು ಬಂಜೆತನ ಅಲ್ಲ. ಹಾಗಂತ ಮಗು ಬೇಡದವರು ಈ ಲೆಕ್ಕ ನಂಬಿ ಕೂರಬೇಡಿ. ಮುಟ್ಟು ಮರಳಿ ಬರುವ ಮೊದಲೇ ಬಸಿರು ನಿಲ್ಲಬಹುದು.

ಅಂತರ ಕಾರ್ಡ್ ಎಸೆಯಬೇಡಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಕೊನೆಯ ಇಂಜೆಕ್ಷನ್ ಯಾವತ್ತು ಹಾಕಿಸಿಕೊಂಡಿದ್ದು ಅಂತ ಕೇಳುತ್ತಾರೆ.